ಒಂದೇ ನೋಟಿಗೆ ಬಣ್ಣ ಹಚ್ಚಬೇಕು: ಲಿಲಿಪಾಂಡ್, ಎಬಿಸಿ, ಎಂಇಐ, ಹಮ್‌ಡ್ರಮ್‌ಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ಸ್ಟಾಫ್ ನೋಟೇಶನ್, ಅಂದರೆ ಐದು ಗೆರೆಗಳ ಮೇಲಿನ ಪಾಶ್ಚಾತ್ಯ ಸ್ವರಲಿಪಿಯನ್ನು ಟೈಪ್ ಮಾಡಿ ಬರೆಯಲು ಲಿಲಿಪಾಂಡ್, ಎಬಿಸಿಯಂಥ ಸಾಧನಗಳಿವೆ. ಅವುಗಳಲ್ಲಿ ಒಂದು ಸರಳ ಹಾಡನ್ನು ಹಾಕುವುದು ಕಷ್ಟವಲ್ಲ. ಸ್ವಲ್ಪ ದಿನ ಕೂತರೆ ಕೈ ಪಳಗುತ್ತದೆ. ಕಷ್ಟ ಶುರುವಾಗುವುದು ಒಂದೇ ಒಂದು ನೋಟನ್ನು (ಸ್ವರದ ಗುರುತನ್ನು) ಬೇರೆಯಾಗಿ ತೋರಿಸಬೇಕು ಅಂದಾಗ. ಮೂರು ನೋಟುಗಳು ಒಟ್ಟಿಗೆ ನುಡಿಯುವ ಕಾರ್ಡಿನಲ್ಲಿ (chord) ನಡುವಿನದು ಮಾತ್ರ ಕೆಂಪಾಗಬೇಕು. ಒಂದು ನೋಟಿನ ತಲೆ ಗುಂಡಗಿರದೆ ಗುಣಾಕಾರದ ಚಿಹ್ನೆಯ ಹಾಗೆ ಕಾಣಬೇಕು. ಮಕ್ಕಳ ಅಭ್ಯಾಸದ ಹಾಳೆಯಲ್ಲಿ ಒಂದು ನೋಟ್ ಕಾಣಬಾರದು, ಆದರೆ ಅದರ ಜಾಗ ಹಾಗೇ ಉಳಿಯಬೇಕು. ಮೌಸ್ ಹಿಡಿದು ಬರೆಯುವ ಸಾಫ್ಟ್‌ವೇರ್ ಆದರೆ ಆ ನೋಟಿನ ಮೇಲೆ ಕ್ಲಿಕ್ ಮಾಡಿದರೆ ಆಯಿತು. ಅಕ್ಷರದ ಫೈಲಿನಲ್ಲಿ ಕ್ಲಿಕ್ ಮಾಡಲು ಏನೂ ಇಲ್ಲ. ಇದೇ ನೋಟು ಅಂತ ಬರೆದೇ ಹೇಳಬೇಕು.

ಹಾಗಾಗಿ ಸಾಫ್ಟ್‌ವೇರ್ ಆರಿಸುವಾಗ ಎಷ್ಟು ಬಣ್ಣ ಇದೆ, ಎಷ್ಟು ಆಕಾರ ಇದೆ ಅಂತ ಮೊದಲು ನೋಡಬೇಡಿ. ಹೆಚ್ಚುಕಮ್ಮಿ ಎಲ್ಲದರಲ್ಲೂ ಬೇಕಾದಷ್ಟಿವೆ. ಅದು ಒಂದು ನೋಟನ್ನು ಗುರುತಿಸುವುದು ಹೇಗೆ ಅಂತ ನೋಡಿ. ಕಾಲದಿಂದ ಗುರುತಿಸಬಹುದು: ಈ ಕ್ಷಣದಲ್ಲಿ ಬರುವ ನೋಟುಗಳೆಲ್ಲ. ಫೈಲಿನಲ್ಲಿ ನೋಟು ಕೂತ ಜಾಗದಿಂದ ಗುರುತಿಸಬಹುದು: ಈ ಆಜ್ಞೆಯ ಮುಂದೆಯೇ ಇರುವ ನೋಟು. ಸ್ವರಸ್ಥಾನದಿಂದ ಗುರುತಿಸಬಹುದು: ಎಲ್ಲ 'ಇ' (E) ನೋಟುಗಳು. ಅಥವಾ ಪ್ರತಿ ನೋಟಿಗೂ ಒಂದು ಹೆಸರು ಕೊಟ್ಟು ಆ ಹೆಸರಿನಿಂದ ಕರೆಯಬಹುದು. ಈ ನಾಲ್ಕರಲ್ಲಿ ನಿಮ್ಮ ಕೆಲಸಕ್ಕೆ ಯಾವುದು ಬೇಕು ಅಂತ ಗೊತ್ತಾದರೆ ಅರ್ಧ ಆಯ್ಕೆ ಆದ ಹಾಗೆಯೇ.

ಎಲ್ಲಕ್ಕೂ ಒಂದೇ ಪರೀಕ್ಷೆ ಇಟ್ಟುಕೊಳ್ಳೋಣ: ಸಿ, ಇ, ಜಿ ಕಾರ್ಡಿನಲ್ಲಿ 'ಇ' ಮಾತ್ರ ಕೆಂಪಾಗಬೇಕು. ಇಲ್ಲಿ ಆಜ್ಞೆಗಳ ಹೆಸರನ್ನು ಕನ್ನಡದಲ್ಲೇ ಬರೆದಿದ್ದೇನೆ. ಫೈಲಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಲಿಲಿಪಾಂಡಿನಲ್ಲಿ ಆಜ್ಞೆಗಳ ಮುಂದೆ ಬ್ಯಾಕ್‌ಸ್ಲ್ಯಾಶ್ ಇರುತ್ತದೆ.

ಲಿಲಿಪಾಂಡ್

ಇದು ಶುರುವಾದದ್ದು 1996ರಲ್ಲಿ, ನೆದರ್‌ಲ್ಯಾಂಡ್ಸ್‌ನ ಹಾನ್-ವೆನ್ ನೀನ್‌ಹೌಸ್ ಮತ್ತು ಯಾನ್ ನೀವೆನ್‌ಹೌಜೆನ್ ಅವರಿಂದ. ಸ್ವತಂತ್ರ ಸಾಫ್ಟ್‌ವೇರ್‌ಗಳ ಗ್ನೂ ಯೋಜನೆಗೆ ಸೇರಿದ್ದು, ಉಚಿತ. ಲೋಹದ ತಗಡಿನ ಮೇಲೆ ಕೈಯಲ್ಲಿ ಕೆತ್ತಿ ಅಚ್ಚು ಹಾಕುತ್ತಿದ್ದ ಕಾಲದ ಸಂಗೀತ ಪುಸ್ತಕಗಳ ಅಂದ ಕಂಪ್ಯೂಟರಿನಿಂದಲೂ ಬರಬೇಕು ಎಂಬುದು ಅದರ ಗುರಿ. ಮುದ್ರಣಕ್ಕೆ ನನ್ನ ಮೊದಲ ಆಯ್ಕೆ ಇದೇ. ಒಂದೊಂದು ನೋಟನ್ನು ಅಲಂಕರಿಸುವ ವಿಷಯದಲ್ಲಿ ಇದರಷ್ಟು ಆಳಕ್ಕೆ ಹೋಗುವ ಇನ್ನೊಂದು ಸಾಧನ ನಾನು ಕಂಡಿಲ್ಲ. ಆದರೆ ಹೊಸಬರು ಎಡವುವುದೂ ಇಲ್ಲೇ. ಅದಕ್ಕೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಇಲ್ಲಿ ಎರಡು ದಾರಿಗಳಿವೆ: ಓವರ್‌ರೈಡ್ ಮತ್ತು ಟ್ವೀಕ್. ಹುಡುಕಿದರೆ ಮೊದಲು ಸಿಗುವುದು ಓವರ್‌ರೈಡ್. 'ನೋಟ್‌ಹೆಡ್ ಚುಕ್ಕೆ ಕಲರ್' ಅಂತ ಬರೆದು ಕೆಂಪು ಅಂದರೆ, ಅಲ್ಲಿಂದ ಮುಂದೆ ಆ ಧ್ವನಿಯ (ಒಟ್ಟಿಗೆ ಸಾಗುವ ಸ್ವರದ ಸಾಲುಗಳಲ್ಲಿ ಒಂದರ) ಎಲ್ಲ ನೋಟುಗಳ ತಲೆಯೂ ಕೆಂಪಾಗುತ್ತದೆ. ನಿಲ್ಲಿಸಬೇಕಾದರೆ ರಿವರ್ಟ್ ಹಾಕಬೇಕು. ಒಂದೇ ಸಲಕ್ಕೆ ಸಾಕು ಅಂದರೆ ಓವರ್‌ರೈಡಿನ ಮುಂದೆ ಒನ್ಸ್ ಸೇರಿಸಬೇಕು. ಒಂಟಿ ನೋಟುಗಳ ರಾಗಕ್ಕೆ ಇಷ್ಟು ಸಾಕು. ಕಾರ್ಡ್ ಬಂದ ಕೂಡಲೇ ಕೆಡುತ್ತದೆ. ಏಕೆಂದರೆ ಒನ್ಸ್ ಅಂದರೆ ಒಂದು ನೋಟಿಗೆ ಅಂತಲ್ಲ, ಒಂದು ಕ್ಷಣಕ್ಕೆ ಅಂತ. ಆ ಕ್ಷಣದಲ್ಲಿ ಆ ಧ್ವನಿಯಲ್ಲಿ ಸಿ, ಇ, ಜಿ ಮೂರೂ ಇವೆ. ಮೂರೂ ಕೆಂಪಾಗುತ್ತವೆ.

ನಮ್ಮ ಪರೀಕ್ಷೆಯಲ್ಲಿ ಗೆಲ್ಲುವುದು ಟ್ವೀಕ್. ಅದು ತನ್ನ ಮುಂದೆಯೇ ಇರುವ ವಸ್ತುವಿಗೆ ಮಾತ್ರ ಅಂಟಿಕೊಳ್ಳುತ್ತದೆ. ಕಾರ್ಡನ್ನು ಸುತ್ತುವ ಕೋನಾವರಣದ (< >) ಒಳಗೆ, 'ಇ' ಅಕ್ಷರದ ಮುಂದೆ ಟ್ವೀಕ್, ಕಲರ್, ಕೆಂಪು ಅಂತ ಬರೆಯಿರಿ. 'ಇ' ಮಾತ್ರ ಕೆಂಪಾಗುತ್ತದೆ. ಅದನ್ನೇ ಕೋನಾವರಣದ ಹೊರಗೆ, ಇಡೀ ಕಾರ್ಡಿನ ಮುಂದೆ ಇಟ್ಟರೆ ಏನೂ ಆಗುವುದಿಲ್ಲ. ಕಾರ್ಡ್ ಅನ್ನುವುದು ಲಿಲಿಪಾಂಡಿನ ಲೆಕ್ಕದಲ್ಲಿ ಬರೀ ಒಂದು ಡಬ್ಬಿ. ಕಾಗದದ ಮೇಲೆ ಬೀಳುವುದು ಡಬ್ಬಿಯ ಒಳಗಿನ ವಸ್ತುಗಳು. ಈ ಒಂದು ವಿಷಯ ಮನಸ್ಸಿನಲ್ಲಿದ್ದರೆ ಟ್ವೀಕ್ ಕೆಲಸ ಮಾಡ್ತಿಲ್ಲ ಅನ್ನುವ ಗೋಳು ಮುಕ್ಕಾಲು ಪಾಲು ತಪ್ಪುತ್ತದೆ.

ಉಳಿದ ಕಾಲು ಪಾಲು ಬೇರೆ ಕಾರಣದಿಂದ ಬರುತ್ತದೆ. ಓದುವ ನಮಗೆ ನೋಟು ಅಂದರೆ ಒಂದೇ ವಸ್ತು. ಲಿಲಿಪಾಂಡಿಗೆ ಹಾಗಲ್ಲ. ತಲೆ ಬೇರೆ, ಕಡ್ಡಿ ಬೇರೆ, ಬಾವುಟ ಬೇರೆ, ಪಕ್ಕದ ಚುಕ್ಕೆ ಬೇರೆ, ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ಶಾರ್ಪ್ ಅಥವಾ ಇಳಿಸುವ ಫ್ಲ್ಯಾಟ್ ಬೇರೆ. ನೀವು ಟೈಪ್ ಮಾಡಿದ ಅಕ್ಷರದಿಂದ ನೇರವಾಗಿ ಹುಟ್ಟುವುದು ತಲೆ. ಕಡ್ಡಿ, ಕಡ್ಡಿಗಳನ್ನು ಜೋಡಿಸುವ ಬೀಮ್, ಶಾರ್ಪ್, ಫ್ಲ್ಯಾಟ್‌ಗಳನ್ನು ಸಾಫ್ಟ್‌ವೇರ್ ಆಮೇಲೆ ತಾನೇ ಹುಟ್ಟಿಸುತ್ತದೆ. ಅದಕ್ಕೇ ಬರೀ 'ಕಲರ್' ಅಂದರೆ ತಲೆ ಮಾತ್ರ ಕೆಂಪಾಗಿ, ಪಕ್ಕದ ಫ್ಲ್ಯಾಟ್ ಕಪ್ಪಾಗಿಯೇ ನಿಲ್ಲುತ್ತದೆ. ಅದೂ ಕೆಂಪಾಗಬೇಕಾದರೆ ವಸ್ತುವಿನ ಹೆಸರು ಹಿಡಿದು ಕರೆಯಬೇಕು: ಟ್ವೀಕ್, ಆ್ಯಕ್ಸಿಡೆಂಟಲ್ ಚುಕ್ಕೆ ಕಲರ್. ಕಡ್ಡಿಗೆ ಸ್ಟೆಮ್ ಚುಕ್ಕೆ ಕಲರ್, ಬಾವುಟಕ್ಕೆ ಫ್ಲ್ಯಾಗ್ ಚುಕ್ಕೆ ಕಲರ್. ಶುರುವಿನಲ್ಲಿ ಇದು ಕಿರಿಕಿರಿ. ಅಭ್ಯಾಸವಾದ ಮೇಲೆ ಇದೇ ಬಲ. ತಲೆ ಕೆಂಪು, ಕಡ್ಡಿ ಕಪ್ಪು ಇರಬೇಕು ಅಂತ ನೀವೇ ನಿರ್ಧರಿಸಬಹುದು. ಕ್ಲೆಫ್ (ಯಾವ ಗೆರೆ ಯಾವ ಸ್ವರ ಅಂತ ಹೇಳುವ ಗುರುತು) ಮತ್ತು ತಾಳದ ಗುರುತಿಗೆ ಮಾತ್ರ ಟ್ವೀಕ್ ನಡೆಯುವುದಿಲ್ಲ. ಅಲ್ಲಿ ಓವರ್‌ರೈಡೇ ಬೇಕು.

ಗಾತ್ರಕ್ಕೆ ಫಾಂಟ್-ಸೈಜ್ ಎಂಬ ಗುಣ ಇದೆ. ಸೊನ್ನೆ ಅಂದರೆ ಮಾಮೂಲಿ ಗಾತ್ರ. ಮೈನಸ್ 6 ಅಂದರೆ ಅರ್ಧ, ಪ್ಲಸ್ 6 ಅಂದರೆ ದುಪ್ಪಟ್ಟು. ಕಾರ್ಡಿನಲ್ಲಿ ರಾಗದ ನೋಟು ದೊಡ್ಡದಾಗಿ, ಜೊತೆಯ ನೋಟುಗಳು ಚಿಕ್ಕದಾಗಿ ಕಾಣಬೇಕು ಅಂದರೆ ಮೈನಸ್ 3 ಸಾಕಾಗುತ್ತದೆ. ಆಕಾರ ಬದಲಿಸಲು ತಲೆಯ ಸ್ಟೈಲ್ ಎಂಬ ಗುಣ. ಕ್ರಾಸ್, ಡೈಮಂಡ್, ಟ್ರಯಾಂಗಲ್, ಸ್ಲ್ಯಾಶ್ ಎಲ್ಲ ಇವೆ. ಒಂದೇ ನೋಟಿಗೆ ಗುಣಾಕಾರದ ಚಿಹ್ನೆ ಬೇಕಾದರೆ ಎಕ್ಸ್‌ನೋಟ್ ಅಂತ ಚಿಕ್ಕ ಆಜ್ಞೆಯೇ ಇದೆ. ನೋಟನ್ನು ಆವರಣದೊಳಗೆ ಹಾಕಲು ಪೇರೆಂಥಸೈಜ್. ಶಾರ್ಪನ್ನು ಬಲವಂತವಾಗಿ ತೋರಿಸಲು ನೋಟಿನ ಪಕ್ಕ ಆಶ್ಚರ್ಯಸೂಚಕ, ನೆನಪಿಗೆ ಅಂತ ಆವರಣದಲ್ಲಿ ತೋರಿಸಲು ಪ್ರಶ್ನಾರ್ಥಕ ಚಿಹ್ನೆ. ಈ ಕೊನೆಯ ಎರಡು ನನಗೆ ತುಂಬ ಇಷ್ಟ. ಒಂದೇ ಗುರುತು, ಅದೂ ನೋಟಿಗೆ ಅಂಟಿಕೊಂಡೇ ಇರುತ್ತದೆ. ಫೈಲ್ ಓದುವಾಗ ಕಣ್ಣಿಗೆ ಭಾರವೇ ಆಗುವುದಿಲ್ಲ.

ಖಾಲಿ ಬಿಟ್ಟು ತುಂಬಿಸುವ ಹಾಳೆ ಮಾಡುವವರು ಹೈಡ್ ಮತ್ತು ಒಮಿಟ್ ನಡುವಿನ ವ್ಯತ್ಯಾಸ ತಿಳಿದಿರಬೇಕು. ಹೈಡ್ ಮಾಡಿದರೆ ನೋಟು ಕಾಣದು, ಜಾಗ ಉಳಿಯುತ್ತದೆ. ಒಮಿಟ್ ಮಾಡಿದರೆ ಆ ವಸ್ತುವೇ ಹೋಗುತ್ತದೆ, ಪಕ್ಕದವು ಒತ್ತಿಕೊಂಡು ಬರಬಹುದು. ಮಗು ಪೆನ್ಸಿಲಿನಲ್ಲಿ ಬರೆಯಲು ಜಾಗ ಬೇಕು, ಅಲ್ವಾ? ಹಾಗಾಗಿ ಹೈಡ್. ತಲೆ, ಕಡ್ಡಿ, ಚುಕ್ಕೆ ಎಲ್ಲವನ್ನೂ ಒಟ್ಟಿಗೆ ಮರೆಮಾಡಲು ಹೈಡ್‌ನೋಟ್ಸ್, ಮತ್ತೆ ತೋರಿಸಲು ಅನ್‌ಹೈಡ್‌ನೋಟ್ಸ್.

ಎಕ್ಸ್‌ಟ್ರಾ-ಆಫ್‌ಸೆಟ್ ಎಂಬ ಗುಣದ ಬಗ್ಗೆ ಒಂದು ಎಚ್ಚರಿಕೆ. ಇದು ವಸ್ತುವನ್ನು ಆಚೆ ಈಚೆ ಸರಿಸುತ್ತದೆ. ಪುಟದ ಲೆಕ್ಕಾಚಾರ ಎಲ್ಲ ಮುಗಿದ ಮೇಲೆ ಸರಿಸುವುದರಿಂದ ಬೇರೆ ವಸ್ತುಗಳಿಗೆ ಅದರ ಸುಳಿವೇ ಇರುವುದಿಲ್ಲ. ಇವತ್ತು ಚೆನ್ನಾಗಿ ಕಂಡದ್ದು ನಾಳೆ ಒಂದು ಬಾರ್ (ತಾಳದ ಒಂದು ಖಾನೆ) ಸೇರಿಸಿದಾಗ ಇನ್ನೊಂದರ ಮೇಲೆ ಹೋಗಿ ಕೂರಬಹುದು. ಕೊನೆಯ ಪ್ರೂಫಿನ ತನಕ ಅದನ್ನು ಮುಟ್ಟದಿರುವುದು ಒಳ್ಳೆಯದು.

ಇನ್ನೊಂದು ವಿಷಯ, ಹಳೆಯ ಉದಾಹರಣೆಗಳದ್ದು. ವಸ್ತುವಿನ ಹೆಸರು, ಚುಕ್ಕೆ, ಗುಣದ ಹೆಸರು ಅನ್ನುವ ಸರಳ ಬರವಣಿಗೆ 2013ರ ಕೊನೆಗೆ ಬಂದ 2.18 ಆವೃತ್ತಿಯದು. ಅದಕ್ಕಿಂತ ಹಿಂದಿನ ಉದಾಹರಣೆಗಳಲ್ಲಿ ಹ್ಯಾಶ್ ಮತ್ತು ಒಂಟಿ ಕೊಟೇಶನ್ ಗುರುತು ತುಂಬಿರುತ್ತವೆ. ಅವುಗಳನ್ನು ನೋಡಿ ಹೆದರಬೇಡಿ. ಫೈಲ್ ಹಳೆಯದಾದರೆ ಕನ್ವರ್ಟ್-ಎಲ್‌ವೈ ಎಂಬ ಜೊತೆಯ ಸಾಧನ ಬಹುಪಾಲು ತಿದ್ದಿಕೊಡುತ್ತದೆ.

ಈಗ ನಾನು ಎಲ್ಲರಿಗೂ ಒತ್ತಿ ಹೇಳುವ ಮಾತು. ಕೆಂಪು ಅಂತ ಹತ್ತಾರು ಕಡೆ ಬರೆಯಬೇಡಿ. ಆ ಕೆಂಪಿಗೆ ಒಂದು ಅರ್ಥ ಇರುತ್ತದಲ್ಲ, ಅದಕ್ಕೊಂದು ಹೆಸರು ಕೊಡಿ. ಲಿಲಿಪಾಂಡಿನ 2.20 ಆವೃತ್ತಿಯಿಂದ ಇದು ತುಂಬ ಸುಲಭ. ಫೈಲಿನ ಮೇಲ್ಭಾಗದಲ್ಲಿ ಒಂದು ಹೆಸರು ಬರೆದು, ಸಮ ಚಿಹ್ನೆ ಹಾಕಿ, ಟ್ವೀಕ್ ಸಾಲನ್ನು ಅರ್ಧಕ್ಕೆ ನಿಲ್ಲಿಸಿ, ಕೊನೆಗೆ ಎಟ್ಸೆಟ್ರಾದ ಮೂರಕ್ಷರದ ಆಜ್ಞೆ ಹಾಕಿದರೆ ಸಾಕು. ಆಮೇಲೆ ಆ ಹೆಸರನ್ನು ಬೇಕಾದ ನೋಟಿನ ಮುಂದೆ ಇಡುತ್ತಾ ಹೋಗುವುದು. ಸಂತೋಷದ ಸಂಗತಿ ಏನೆಂದರೆ ಈ ಹೆಸರು ಕನ್ನಡದಲ್ಲೇ ಇರಬಹುದು. ಬ್ಯಾಕ್‌ಸ್ಲ್ಯಾಶ್ ಹಾಕಿ 'ತಪ್ಪುವಜಾಗ' ಅಂತ ಬರೆದರೆ ಲಿಲಿಪಾಂಡ್ ಒಪ್ಪಿಕೊಳ್ಳುತ್ತದೆ. ಫೈಲ್ ಯೂನಿಕೋಡಿನಲ್ಲಿ ಇದ್ದರೆ ಆಯಿತು. ನಾಳೆ ಕೆಂಪು ಬೇಡ, ನೀಲಿ ಇರಲಿ ಅನ್ನಿಸಿದರೆ ಒಂದೇ ಸಾಲು ಬದಲಿಸಿದರೆ ಇಡೀ ಪುಸ್ತಕ ಬದಲಾಗುತ್ತದೆ.

ಸ್ವರಸ್ಥಾನದಿಂದ ಗುರುತಿಸುವುದೂ ಇಲ್ಲಿ ಸಾಧ್ಯ. ಬಣ್ಣದ ಜಾಗದಲ್ಲಿ ಸ್ಕೀಮ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದು ಚಿಕ್ಕ ಕಾರ್ಯವನ್ನು (ಫಂಕ್ಷನ್) ಕೊಟ್ಟರೆ, ಪ್ರತಿ ನೋಟಿನ ಸ್ವರಸ್ಥಾನ ನೋಡಿ ಅದೇ ಬಣ್ಣ ಹಚ್ಚುತ್ತದೆ. ಮಕ್ಕಳಿಗೆ ಸಿ ಕೆಂಪು, ಡಿ ಕಿತ್ತಳೆ ಅಂತ ಹೇಳಿಕೊಡುವವರಿಗೆ ಇದು ವರ. ಸ್ಕೀಮ್ ಬರದಿದ್ದರೂ ಪರವಾಗಿಲ್ಲ. ಲಿಲಿಪಾಂಡಿನ ತುಣುಕುಗಳ ಸಂಗ್ರಹದಲ್ಲಿ ಇದು ಸಿದ್ಧವಾಗಿ ಸಿಗುತ್ತದೆ. ತಲೆಯೊಳಗೇ ಅಕ್ಷರ ಬರೆಯುವ ಈಸಿಹೆಡ್ಸ್‌ಆನ್ ಎಂಬ ಆಜ್ಞೆಯೂ ಇದೆ. ಅದರಲ್ಲಿ ಬರುವ ಏಳು ಹೆಸರುಗಳನ್ನು ನಾವೇ ಬದಲಿಸಿಕೊಳ್ಳಬಹುದು.

ಅಲಂಕಾರವನ್ನು ಸಂಗೀತದಿಂದ ಪೂರ್ತಿ ಬೇರೆ ಮಾಡಬೇಕು ಅನ್ನುವವರಿಗೆ ಎಡಿಶನ್-ಎಂಗ್ರೇವರ್ ಅನ್ನುವ ಒಂದು ಸೇರ್ಪಡೆ ಇದೆ, ಓಪನ್‌ಲಿಲಿಲಿಬ್‌ನಲ್ಲಿ. ಇಷ್ಟನೇ ಬಾರಿನ ಇಷ್ಟನೇ ಬೀಟಿನಲ್ಲಿ ಹೀಗೆ ಮಾಡು ಅಂತ ಬೇರೆ ಫೈಲಿನಲ್ಲಿ ಬರೆದಿಡಬಹುದು. ಒಂದೇ ಕೃತಿಯನ್ನು ಟೀಚರ್ ಪ್ರತಿ, ವಿದ್ಯಾರ್ಥಿ ಪ್ರತಿ ಅಂತ ಎರಡು ತರ ಮುದ್ರಿಸುವವರಿಗೆ ಇದು ಚೆನ್ನ. ಆದರೆ ಗಮನಿಸಿ, ಇದು ಮತ್ತೆ ಕಾಲದಿಂದ ಗುರುತಿಸುವ ದಾರಿ. ಕಾರ್ಡಿನ ಒಳಗಿನ ಒಂದು ನೋಟಿಗೆ ಟ್ವೀಕಿನಷ್ಟು ನೇರವಾಗಿ ಒದಗದು.

ಎಬಿಸಿ

ಎಬಿಸಿ ಹುಟ್ಟಿದ್ದು ಜನಪದ ರಾಗಗಳನ್ನು ಬೇಗ ಬರೆದುಕೊಳ್ಳುವುದಕ್ಕೆ. ಬ್ರಿಟನ್ನಿನ ಕ್ರಿಸ್ ವಾಲ್‌ಶಾ 1993ರಲ್ಲಿ ಅದಕ್ಕೆ ಮೊದಲ ಸಾಫ್ಟ್‌ವೇರ್ ಬಿಡುಗಡೆ ಮಾಡಿದರು. ಇವತ್ತು ಬಳಕೆಯಲ್ಲಿರುವ 2.1 ಮಾನದಂಡ 2011ರ ಡಿಸೆಂಬರಿನದು. ಇಡೀ ಹಾಡು ಕೆಲವೇ ಸಾಲಿನಲ್ಲಿ ಹಿಡಿಸುತ್ತದೆ. ಮೊಬೈಲಿನಲ್ಲಿ ಮೆಸೇಜ್ ಮಾಡುವಷ್ಟು ಚಿಕ್ಕದು.

ಒಂದು ನೋಟಿಗೆ ಗುರುತು ಹಾಕುವ ವಿಷಯದಲ್ಲಿ ಮಾನದಂಡದ ಒಳಗೇ ಇರುವಷ್ಟು ತುಂಬ ಚೆನ್ನಾಗಿದೆ. ನೋಟಿನ ಮುಂದೆ ಒಂದು ಚುಕ್ಕೆ ಅಂದರೆ ಸ್ಟಕಾಟೊ, ಚಿಕ್ಕದಾಗಿ ಕತ್ತರಿಸಿ ನುಡಿಸುವುದು. ಎರಡು ಆಶ್ಚರ್ಯಸೂಚಕಗಳ ನಡುವೆ ಹೆಸರು ಬರೆದರೆ ಫರ್ಮಾಟಾ (ಸ್ವರವನ್ನು ಎಳೆದು ನಿಲ್ಲಿಸುವುದು), ಟ್ರಿಲ್ (ಪಕ್ಕದ ಸ್ವರದ ಜೊತೆ ಬೇಗಬೇಗ ಅದಲುಬದಲು) ಗುರುತುಗಳು ಬರುತ್ತವೆ. ಅಂಕಿ ಬರೆದರೆ ಬೆರಳಿನ ಸಂಖ್ಯೆ. ಕೊಟೇಶನ್ ಒಳಗೆ ಮೇಲ್ಮುಖದ ಗುರುತು ಹಾಕಿ ಮಾತು ಬರೆದರೆ ಆ ನೋಟಿನ ಮೇಲೆ ಅದು ಮುದ್ರಣವಾಗುತ್ತದೆ. ಅಂದರೆ ನುಡಿಸುವವರಿಗೆ ಬೇಕಾದ ಗುರುತುಗಳಿಗೆಲ್ಲ ಎಬಿಸಿ ಸಾಕು.

ಬಣ್ಣ, ಗಾತ್ರ, ತಲೆಯ ಆಕಾರ ಅಂದಾಗ ಮಾನದಂಡ ಕೈ ಬಿಡುತ್ತದೆ. ಅಲ್ಲಿಂದ ಮುಂದೆ ಒಂದೊಂದು ಸಾಫ್ಟ್‌ವೇರಿನದು ಒಂದೊಂದು ದಾರಿ. ಎಬಿಸಿಎಂಟುಪಿಎಸ್ ಮತ್ತು ಎಬಿಸಿಟುಎಸ್‌ವಿಜಿ ಎರಡರಲ್ಲೂ ಮ್ಯಾಪ್ ಎಂಬ ನಿರ್ದೇಶನ ಇದೆ. ಎರಡು ಶೇಕಡಾ ಚಿಹ್ನೆಗಳಿಂದ ಶುರುವಾಗುವ ಸಾಲಿನಲ್ಲಿ, ಈ ಸ್ವರಸ್ಥಾನದ ನೋಟಿಗೆ ಈ ತಲೆ, ಈ ಬಣ್ಣ ಅಂತ ಹೇಳಿ, ಇನ್ನೊಂದು ಸಾಲಿನಲ್ಲಿ ಆ ಮ್ಯಾಪನ್ನು ಧ್ವನಿಗೆ ಕಟ್ಟುವುದು. ನಮ್ಮ ಪರೀಕ್ಷೆಯಲ್ಲಿ ಇದು ಅರ್ಧ ಪಾಸು. ಕಾರ್ಡಿನ 'ಇ' ಕೆಂಪಾಗುತ್ತದೆ, ಸರಿ. ಆದರೆ ಮ್ಯಾಪ್ ಚಾಲ್ತಿಯಲ್ಲಿ ಇರುವಷ್ಟು ಹೊತ್ತು ಆ ಸಪ್ತಕದ ಎಲ್ಲ 'ಇ' ನೋಟುಗಳೂ ಕೆಂಪಾಗುತ್ತವೆ. ಇದು ಸ್ವರಸ್ಥಾನದಿಂದ ಗುರುತಿಸುವ ದಾರಿ. ಬಣ್ಣದ ನೋಟಿನಿಂದ ಪಾಠ ಮಾಡುವವರಿಗೆ ಇದೇ ಬೇಕಾಗಿರುವುದು. ಒಂದೇ ಜಾಗದ ತಪ್ಪನ್ನು ತೋರಿಸಬೇಕಾದವರಿಗೆ ಇದು ಬಳಸು ದಾರಿ.

ಬ್ರೌಸರಿನಲ್ಲಿ ಕೆಲಸ ಮಾಡುವ ಎಬಿಸಿಜೆಎಸ್‌ನಲ್ಲಿ ನೋಟಿನ ಮುಂದೆ, ಎರಡು ಆಶ್ಚರ್ಯಸೂಚಕಗಳ ನಡುವೆ, ಸ್ಟೈಲ್ ಸಮ ಎಕ್ಸ್ ಅಂತ ಬರೆದರೆ ತಲೆ ಬದಲಾಗುತ್ತದೆ. ಟ್ರಯಾಂಗಲ್, ಹಾರ್ಮೋನಿಕ್ ಕೂಡ ಇವೆ. ಬಣ್ಣಕ್ಕೆ ಅಲ್ಲಿ ವೆಬ್ ಪುಟದ ಅಂದವನ್ನು ನಿರ್ಧರಿಸುವ ಸಿಎಸ್‌ಎಸ್ ಬಳಸಬಹುದು. ಬೇಕೆಂದು ಕೇಳಿದರೆ ಪ್ರತಿ ಚಿಹ್ನೆಗೂ ಬಾರ್ ಸಂಖ್ಯೆ, ಧ್ವನಿ ಸಂಖ್ಯೆಯ ಗುರುತುಗಳನ್ನು ಅದೇ ಅಂಟಿಸುತ್ತದೆ. ಕ್ಲಿಕ್ ಮಾಡಿದ ನೋಟು ಮೂಲ ಪಠ್ಯದ ಎಷ್ಟನೇ ಅಕ್ಷರದಿಂದ ಬಂತು ಅನ್ನುವುದನ್ನೂ ಹೇಳುತ್ತದೆ. ಪಾಠದ ವೆಬ್‌ಸೈಟ್ ಕಟ್ಟುವವರಿಗೆ ಇದು ದೊಡ್ಡ ಅನುಕೂಲ.

ಎಬಿಸಿಯ ಪರವಾಗಿ ಹೇಳಲೇಬೇಕಾದ ಒಂದು ಗುಣ ಇದೆ. ಶೇಕಡಾ ಚಿಹ್ನೆಯ ಸಾಲುಗಳನ್ನು ಅರ್ಥವಾಗದ ಸಾಫ್ಟ್‌ವೇರ್ ಟಿಪ್ಪಣಿ ಅಂತ ಬಿಟ್ಟು ಮುಂದೆ ಹೋಗುತ್ತದೆ. ಬಣ್ಣ ಹೋಗಬಹುದು, ರಾಗ ಹೋಗುವುದಿಲ್ಲ. ಫೈಲನ್ನು ಹತ್ತು ಜನರಿಗೆ ಕಳಿಸುವವರಿಗೆ ಇದು ನೆಮ್ಮದಿ. ಹಾಗೇ 'ಯು' ಎಂಬ ಸಾಲಿನಲ್ಲಿ ನಿಮ್ಮದೇ ಒಂದು ಅಕ್ಷರಕ್ಕೆ ಒಂದು ಅಲಂಕಾರವನ್ನು ಕಟ್ಟಬಹುದು. ಮೊದಲೇ ಹೇಳಿದ, ಅರ್ಥಕ್ಕೊಂದು ಹೆಸರು ಕೊಡುವ ಕೆಲಸ ಇಲ್ಲಿ ಒಂದೇ ಅಕ್ಷರದಲ್ಲಿ ಆಗುತ್ತದೆ.

ಎಂಇಐ ಮತ್ತು ವೆರೋವಿಯೊ

ಎಂಇಐ (ಮ್ಯೂಸಿಕ್ ಎನ್‌ಕೋಡಿಂಗ್ ಇನಿಷಿಯೇಟಿವ್) ಅನ್ನುವುದು, ಒಂದೊಂದಕ್ಕೂ ಟ್ಯಾಗ್ ಹಾಕಿ ಬರೆಯುವ ಎಕ್ಸ್‌ಎಂಎಲ್ ರೂಪದ ಬರವಣಿಗೆ. ಸಂಗೀತದ ಹಸ್ತಪ್ರತಿಗಳನ್ನು, ಅವುಗಳ ಪಾಠಾಂತರಗಳನ್ನು ಅಧ್ಯಯನ ಮಾಡುವ ವಿದ್ವಾಂಸರು ಬೆಳೆಸಿದ್ದು. ಅದನ್ನು ಚಿತ್ರವಾಗಿ ತೋರಿಸುವ ಸಾಫ್ಟ್‌ವೇರ್ ವೆರೋವಿಯೊ. ಹಳೆಯ ಸಂಗೀತ ಮೂಲಗಳ ಪಟ್ಟಿ ಮಾಡುವ ಅಂತಾರಾಷ್ಟ್ರೀಯ ಯೋಜನೆ ರಿಸ್ಮ್‌ನ ಸ್ವಿಟ್ಜರ್ಲೆಂಡಿನಲ್ಲಿರುವ ಕೇಂದ್ರ ಅದನ್ನು ಬೆಳೆಸುತ್ತಿದೆ. ಕೈಯಲ್ಲಿ ಟೈಪ್ ಮಾಡಲು ಇದು ಉದ್ದ. ಒಂದೊಂದು ನೋಟಿಗೂ ಹೆಸರು, ಸಪ್ತಕ, ಕಾಲ ಅಂತ ಬಿಡಿಸಿ ಬರೆಯಬೇಕು.

ಆದರೆ ಆ ಉದ್ದಕ್ಕೆ ತಕ್ಕ ಫಲ ಇದೆ. ಇಲ್ಲಿ ಪ್ರತಿ ನೋಟಿಗೂ ತನ್ನದೇ ಗುರುತಿನ ಹೆಸರು ಇರುತ್ತದೆ. ಕಾರ್ಡಿನ ಒಳಗೆ ಮೂರು ನೋಟು ಬೇರೆ ಬೇರೆ ಸಾಲಾಗಿ ಕೂತಿರುತ್ತವೆ. 'ಇ' ಇರುವ ಸಾಲಿಗೆ ಕಲರ್ ಎಂಬ ಗುಣ ಸೇರಿಸಿದರೆ ಪರೀಕ್ಷೆ ಪಾಸು. ತಲೆಯ ಆಕಾರ, ಕಡ್ಡಿಯ ದಿಕ್ಕು ಇವಕ್ಕೂ ಅಲ್ಲೇ ಗುಣಗಳಿವೆ. ಇದಕ್ಕಿಂತ ದೊಡ್ಡದು ಇನ್ನೊಂದಿದೆ. ವೆರೋವಿಯೊ ಚಿತ್ರ ಬಿಡಿಸುವಾಗ ಅದೇ ಗುರುತಿನ ಹೆಸರನ್ನು ಎಸ್‌ವಿಜಿ ಚಿತ್ರದ ಒಳಗೂ ಉಳಿಸುತ್ತದೆ. ಹಾಗಾಗಿ ಮೂಲ ಫೈಲನ್ನು ಮುಟ್ಟದೆ, ವೆಬ್ ಪುಟದ ಸಿಎಸ್‌ಎಸ್‌ನಿಂದಲೇ ಒಂದು ನೋಟನ್ನು ಕೆಂಪು ಮಾಡಬಹುದು, ಮರೆಮಾಡಬಹುದು, ಹಾಡು ನುಡಿಯುವಾಗ ಒಂದೊಂದಾಗಿ ಬೆಳಗಿಸಬಹುದು. ತಲೆ, ಕಡ್ಡಿ, ಶಾರ್ಪ್ ಎಲ್ಲ ಒಂದೇ ಗುಂಪಿನೊಳಗೆ ಇರುವುದರಿಂದ ಒಂಟಿ ನೋಟಿಗೆ ಬಣ್ಣ ಕೊಟ್ಟರೆ ಎಲ್ಲವೂ ಒಟ್ಟಿಗೆ ಬದಲಾಗುತ್ತವೆ. ಲಿಲಿಪಾಂಡಿನಲ್ಲಿ ಐದು ಸಲ ಹೇಳಬೇಕಾದ್ದನ್ನು ಇಲ್ಲಿ ಒಂದು ಸಲ ಹೇಳಿದರೆ ಸಾಕು. ಕಾರ್ಡಿನ ಕಡ್ಡಿ ಮಾತ್ರ ಕಾರ್ಡಿಗೆ ಸೇರಿದ್ದು, ಒಂದು ನೋಟಿಗಲ್ಲ.

ಇಲ್ಲೊಂದು ಹಳ್ಳ ಇದೆ, ನೋಡಿಕೊಳ್ಳಿ. ಫೈಲಿನಲ್ಲಿ ನೀವು ಗುರುತಿನ ಹೆಸರು ಬರೆಯದಿದ್ದರೆ ವೆರೋವಿಯೊ ತಾನೇ ಏನೋ ಒಂದು ಹೆಸರು ಹುಟ್ಟಿಸುತ್ತದೆ. ಮುಂದಿನ ಸಲ ತೆರೆದಾಗ ಅದು ಬೇರೆಯಾಗಿರಬಹುದು. ಇವತ್ತಿನ ಸಿಎಸ್‌ಎಸ್ ನಾಳೆ ಕೆಲಸ ಮಾಡುವುದಿಲ್ಲ. ಗುರುತು ಹಾಕಬೇಕಾದ ನೋಟುಗಳಿಗಾದರೂ ನೀವೇ ಹೆಸರು ಕೊಡಿ. ಹೆಸರಿನಲ್ಲಿ ಬಾರ್ ಸಂಖ್ಯೆ ಸೇರಿಸಿದರೆ ಆಮೇಲೆ ಹುಡುಕಲು ಸುಲಭ.

ಹಮ್‌ಡ್ರಮ್

ಸಂಗೀತ ಸಂಶೋಧಕ ಡೇವಿಡ್ ಹ್ಯೂರನ್ 1980ರ ದಶಕದಲ್ಲಿ ಶುರು ಮಾಡಿದ ಹಮ್‌ಡ್ರಮ್ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ಅದರ ಕರ್ನ್ ಎಂಬ ಬರವಣಿಗೆಯಲ್ಲಿ ಹಾಡು ಮೇಲಿನಿಂದ ಕೆಳಗೆ ಹರಿಯುತ್ತದೆ. ಒಂದೊಂದು ಕಂಬಸಾಲು ಒಂದೊಂದು ಧ್ವನಿ. ಒಂದೇ ಅಡ್ಡಸಾಲಿನಲ್ಲಿ ಇರುವುದೆಲ್ಲ ಒಂದೇ ಕ್ಷಣದಲ್ಲಿ ನುಡಿಯುವುದು. ಕಾರ್ಡಿನ ನೋಟುಗಳು ನಡುವೆ ಖಾಲಿ ಜಾಗ ಬಿಟ್ಟು ಒಂದರ ಪಕ್ಕ ಒಂದು ಕೂರುತ್ತವೆ.

ಒಂದು ನೋಟಿಗೆ ಗುರುತು ಹಾಕುವ ಅದರ ಕ್ರಮ ಎಲ್ಲಕ್ಕಿಂತ ಅಚ್ಚುಕಟ್ಟು ಅಂತ ನನ್ನ ಅಭಿಪ್ರಾಯ. ಬೇಕಾದ ನೋಟಿನ ಪಕ್ಕ ಒಂದೇ ಒಂದು ಅಕ್ಷರ ಸೇರಿಸುತ್ತೀರಿ, ಉದಾಹರಣೆಗೆ @. ಫೈಲಿನ ಕೊನೆಯಲ್ಲಿ, ಮೂರು ಆಶ್ಚರ್ಯಸೂಚಕಗಳಿಂದ ಶುರುವಾಗುವ ಆರ್‌ಡಿಎಫ್ ಎಂಬ ಸಾಲಿನಲ್ಲಿ, @ ಅಂದರೆ ಗುರುತು ಹಾಕಿದ ನೋಟು, ಬಣ್ಣ ಕೆಂಪು ಅಂತ ಬರೆಯುತ್ತೀರಿ. ಅಷ್ಟೇ. ವೆರೋವಿಯೊ ಹಮ್‌ಡ್ರಮ್ ವ್ಯೂವರ್ ಎಂಬ ಬ್ರೌಸರ್ ಸಾಧನದಲ್ಲಿ ಫೈಲ್ ತೆರೆದರೆ 'ಇ' ಮಾತ್ರ ಕೆಂಪಾಗಿ ಕಾಣುತ್ತದೆ. ಎರಡು ತರದ ಗುರುತು ಬೇಕಾದರೆ ಎರಡು ಅಕ್ಷರ, ಎರಡು ಆರ್‌ಡಿಎಫ್ ಸಾಲು. ನೋಟಿನ ಪಕ್ಕ ಇರುವುದು ಅರ್ಥ, ಕೊನೆಯ ಸಾಲಿನಲ್ಲಿ ಇರುವುದು ಅಲಂಕಾರ. ಲಿಲಿಪಾಂಡಿನಲ್ಲಿ ನಾವು ಶಿಸ್ತಿನಿಂದ ಮಾಡಬೇಕಾದ್ದು ಇಲ್ಲಿ ಬರವಣಿಗೆಯ ನಿಯಮವೇ ಆಗಿದೆ. ಇನ್ನೂ ಒಂದು ಲಾಭ ಇದೆ. @ ಎಷ್ಟು ಕಡೆ ಬಂದಿದೆ ಅಂತ ಮಾಮೂಲಿ ಹುಡುಕಾಟದಿಂದಲೇ ಎಣಿಸಬಹುದು. ಕೃತಿಯ ವಿಶ್ಲೇಷಣೆ ಮಾಡುವವರಿಗೆ ಇದು ಬಣ್ಣಕ್ಕಿಂತ ದೊಡ್ಡ ಉಪಯೋಗ.

ಪುಸ್ತಕದ ಅಂದ ಬೇಕು, ಪುಟದ ಮೇಲೆ ಪೂರ್ತಿ ಹಿಡಿತ ಬೇಕು ಅನ್ನುವವರಿಗೆ ಮಾತ್ರ ಇದು ಅಲ್ಲ.

ಮ್ಯೂಸಿಕ್ಸ್‌ಟೆಕ್

ಟೆಕ್ ಎಂಬ ಅಕ್ಷರಜೋಡಣೆಯ ಸಾಫ್ಟ್‌ವೇರಿನಲ್ಲೇ ಪ್ರಬಂಧ, ಪುಸ್ತಕ ಬರೆಯುವವರಿಗೆ ಇದು ಪರಿಚಿತ. ಇಲ್ಲಿ ಪ್ರತಿ ನೋಟಿನ ತಲೆಯೂ ಒಂದು ಆಜ್ಞೆ. ಕಡ್ಡಿ ಮೇಲಕ್ಕೋ ಕೆಳಕ್ಕೋ ಅನ್ನುವುದನ್ನೂ ಆಜ್ಞೆಯಲ್ಲೇ ಹೇಳಬಹುದು. ಹಾಗಾಗಿ ಕಾರ್ಡಿನ ಒಂದು ತಲೆಯನ್ನು ಹಿಡಿಯುವುದು ಸುಲಭ. ಆ ಆಜ್ಞೆಯ ಸುತ್ತ ಟೆಕ್‌ನ ಬಣ್ಣದ ಆಜ್ಞೆ ಸುತ್ತಿದರೆ ಆಯಿತು. ಆದರೆ ಬಾಕಿ ಎಲ್ಲ ಕೆಲಸವೂ ನಿಮ್ಮದೇ. ಒಂದು ಸಲ ಟೆಕ್, ನಡುವೆ ಅಂತರ ಲೆಕ್ಕ ಹಾಕುವ ಇನ್ನೊಂದು ಸಾಧನ, ಮತ್ತೆ ಟೆಕ್ ಅಂತ ಮೂರು ಸುತ್ತು ಓಡಿಸಬೇಕು. ಹೊಸದಾಗಿ ಕಲಿಯುವವರಿಗೆ ಇದನ್ನು ಹೇಳಲಾರೆ. ಪ್ರಬಂಧದ ನಡುವೆ ಎರಡು ಬಾರಿನ ಉದಾಹರಣೆ ಬೇಕಾದರೂ ಲಿಲಿಪಾಂಡಿನ ಜೊತೆಗೇ ಬರುವ ಲಿಲಿಪಾಂಡ್-ಬುಕ್ ಸಾಕಾಗುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಮುದ್ರಿತ ಪುಸ್ತಕ, ಪರೀಕ್ಷೆಗೆ ತಯಾರಾಗುವ ಪಿಯಾನೊ ಮಕ್ಕಳ ಹಾಳೆಗಳು, ಕನ್ನಡ ಸಾಹಿತ್ಯವನ್ನು ನೋಟುಗಳ ಕೆಳಗೆ ಹಾಕಿದ ಕಾಯರ್ ಪ್ರತಿಗಳು, ಇವಕ್ಕೆಲ್ಲ ಲಿಲಿಪಾಂಡ್. ಕಲಿಯುವ ಹೊರೆ ಜಾಸ್ತಿ, ನಿಜ. ಟ್ವೀಕ್ ಒಂದನ್ನು ಸರಿಯಾಗಿ ಕಲಿತರೆ ಆ ಹೊರೆ ಇಳಿಯುತ್ತದೆ. ಫ್ರೆಸ್ಕೊಬಾಲ್ಡಿ ಎಂಬ ಎಡಿಟರ್ ಜೊತೆಗೆ ಇಟ್ಟುಕೊಳ್ಳಿ. ಅದರಲ್ಲಿ ಮುದ್ರಿತ ನೋಟಿನ ಮೇಲೆ ಕ್ಲಿಕ್ ಮಾಡಿದರೆ ಫೈಲಿನಲ್ಲಿ ಅದು ಇರುವ ಜಾಗಕ್ಕೇ ಹೋಗುತ್ತದೆ.

ಒಂಟಿ ರಾಗಗಳನ್ನು ಬೇಗ ಬರೆದು ಹಂಚಬೇಕು, ಬಿಲ್ಲಿನ ಗುರುತು, ಬೆರಳಿನ ಸಂಖ್ಯೆ ಇದ್ದರೆ ಸಾಕು ಅನ್ನುವವರು ಎಬಿಸಿಯಲ್ಲೇ ಇರಿ. ಬಣ್ಣಕ್ಕಾಗಿ ಅದನ್ನು ಬಿಟ್ಟು ಹೋಗಬೇಕಿಲ್ಲ. ಓದುಗ ತೆರೆದ ಕೂಡಲೇ ನೋಟು ಬೆಳಗಬೇಕು, ಮುಟ್ಟಿದರೆ ನುಡಿಯಬೇಕು ಅನ್ನುವ ವೆಬ್ ಪಾಠ ಆದರೆ, ಚಿಕ್ಕದಕ್ಕೆ ಎಬಿಸಿಜೆಎಸ್, ದೊಡ್ಡದಕ್ಕೆ ಎಂಇಐ ಮತ್ತು ವೆರೋವಿಯೊ. ಒಂದು ಕೃತಿಯಲ್ಲಿ ಯಾವ ನೋಟು ಎಲ್ಲೆಲ್ಲಿ ಏನು ಮಾಡುತ್ತಿದೆ ಅಂತ ಗುರುತಿಸಿ ಎಣಿಸುವ ಕೆಲಸ ಆದರೆ ಯೋಚನೆಯೇ ಬೇಡ, ಹಮ್‌ಡ್ರಮ್.

ಯಾವುದನ್ನೇ ಆರಿಸಿದರೂ ಬಣ್ಣವೊಂದನ್ನೇ ನಂಬಬೇಡಿ. ಮಕ್ಕಳ ಕೈಗೆ ಹೋಗುವುದು ಹೆಚ್ಚಾಗಿ ಕಪ್ಪು ಬಿಳುಪಿನ ಜೆರಾಕ್ಸ್. ಅದರಲ್ಲಿ ಕೆಂಪು ನೋಟು ಮಂಕು ಬೂದು ಬಣ್ಣವಾಗಿ, ಕಪ್ಪಿಗಿಂತ ಕಡಿಮೆ ಎದ್ದು ಕಾಣುತ್ತದೆ. ನಾವು ಬಯಸಿದ್ದಕ್ಕೆ ಪೂರಾ ಉಲ್ಟಾ. ಕೆಂಪು ಹಸಿರು ಬೇರೆಯಾಗಿ ಕಾಣದ ಕಣ್ಣುಗಳೂ ತರಗತಿಯಲ್ಲಿ ಇರುತ್ತವೆ. ಬಣ್ಣದ ಜೊತೆಗೆ ಆಕಾರವನ್ನೋ, ಆವರಣವನ್ನೋ, ಗಾತ್ರವನ್ನೋ ಸೇರಿಸಿ. ಲಿಲಿಪಾಂಡಿನಲ್ಲಿ ಒಂದೇ ನೋಟಿನ ಮುಂದೆ ಎರಡು ಮೂರು ಟ್ವೀಕ್ ಸಾಲಾಗಿ ಇಡಬಹುದು. ಹೆಸರು ಕೊಟ್ಟು ಇಟ್ಟುಕೊಂಡಿದ್ದರೆ ಆ ಸೇರ್ಪಡೆಯೂ ಒಂದೇ ಕಡೆ ಮುಗಿಯುತ್ತದೆ.

ಇನ್ನು, ಒಂದರಲ್ಲಿ ಬರೆದು ಇನ್ನೊಂದಕ್ಕೆ ಸಾಗಿಸುವ ಯೋಚನೆ ಇದ್ದರೆ ಅದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ವೆರೋವಿಯೊ, ಸಂಗೀತ ಸಾಫ್ಟ್‌ವೇರ್‌ಗಳ ನಡುವೆ ಫೈಲ್ ಸಾಗಿಸಲು ಬಳಸುವ ಮ್ಯೂಸಿಕ್ ಎಕ್ಸ್‌ಎಂಎಲ್, ಹಮ್‌ಡ್ರಮ್ ಎರಡನ್ನೂ ಓದುತ್ತದೆ, ಎಬಿಸಿಯನ್ನು ಸ್ವಲ್ಪ ಮಟ್ಟಿಗೆ. ಲಿಲಿಪಾಂಡಿನ ಜೊತೆ ಮ್ಯೂಸಿಕ್‌ಎಕ್ಸ್‌ಎಂಎಲ್‌ಟುಎಲ್‌ವೈ ಎಂಬ ಸಾಧನ ಬರುತ್ತದೆ. ಸ್ವರ, ಕಾಲ, ಸಾಹಿತ್ಯ ದಾಟುವಷ್ಟು ಸುಲಭವಾಗಿ ಒಂದೊಂದು ನೋಟಿನ ಅಲಂಕಾರ ದಾಟುವುದಿಲ್ಲ. ಹಾಗಾಗಿ ಮೊದಲು ಸಾಗಿಸಿ, ಆಮೇಲೆ ಅಲಂಕರಿಸಿ. ಸಾಗಿಸುವ ಮೊದಲು ನಾಲ್ಕು ಬಾರಿನ ಒಂದು ಪರೀಕ್ಷಾ ಫೈಲ್ ಮಾಡಿ: ಒಂದು ಕೆಂಪು ನೋಟಿರುವ ಕಾರ್ಡ್, ಒಂದು ಗುಣಾಕಾರದ ತಲೆ, ಆವರಣದಲ್ಲಿ ಒಂದು ಶಾರ್ಪ್, ಮರೆಯಾದ ಒಂದು ನೋಟು. ಇವುಗಳಲ್ಲಿ ಯಾವುದು ಆಚೆ ದಡ ಮುಟ್ಟಿತು ಅಂತ ನೋಡಿಕೊಂಡು, ಆಮೇಲೆ ಇಡೀ ಪುಸ್ತಕಕ್ಕೆ ಕೈ ಹಾಕಿ.